ಹತ್ತು ಮೀಟರಿನ ಚೌಕ

ಎಲ್ಲ ಕ್ಲೌಡಿನಲ್ಲಿದೆ, ಅಂದರು ತರಬೇತಿಗೆ ಬಂದ ಸಾಹೇಬರು.
ವಿರಾಜಪೇಟೆ ಕಚೇರಿಯ ನಾವು ಏಳು ಜನ
ಕಿಟಕಿಯತ್ತ ನೋಡಿ ನಕ್ಕೆವು.
ಜೂನ್ ತಿಂಗಳು. ಇಲ್ಲೂ ಎಲ್ಲ ಅದರಲ್ಲೇ ಇತ್ತು,
ಗಡಿಯಾರ ಗೋಪುರ ಸಮೇತ.

ಕಲಿತೆ. ಗುತ್ತಿಗೆ ನೌಕರಿ, ಕಲಿಯದೆ ಉಂಟೆ?
ಮೋಡ ಕುಳಿತ ಚಿತ್ರಗಳನ್ನು ಜರಡಿ ಹಿಡಿಯುವುದು,
ಉಳಿದ ದಿನಗಳ ತುಣುಕು ಜೋಡಿಸಿ
ಒಂದೇ ದಿನವಾಗಿ ಹೊಲಿಯುವುದು
(ಅಂಥ ದಿನ ಎಂದೂ ಇರಲಿಲ್ಲ,
ನಕ್ಷೆಯಲ್ಲಿ ಮಾತ್ರ ಅದು ಕೊಡಗಿನ ಅತಿ ಶುಭ್ರ ದಿನ),
ಕಣ್ಣಿಗೆ ಕಾಣದ ಕೆಂಪು ಹೆಚ್ಚಿದ್ದರೆ
ಎಲೆ ಚೆನ್ನಾಗಿದೆ ಎಂದು ಓದುವುದು.
ನನ್ನ ಮುದಿ ಕಂಪ್ಯೂಟರು ಸುಮ್ಮನೆ ಗೊರಗುಡುತ್ತದೆ;
ಲೆಕ್ಕ ನಡೆಯುವುದು ಯಾವ ಸೀಮೆಯ ಯಾವ ಉಗ್ರಾಣದಲ್ಲೋ.
ಎರಡು ನಿಮಿಷಕ್ಕೆ ಇಡೀ ಜಿಲ್ಲೆ ಹಸಿರಾಗಿ ಬಂದು ನಿಲ್ಲುತ್ತದೆ.

ತೊಂದರೆ ಆ ಹಸಿರಿನದೇ.
ನಂದಿ, ಹೊನ್ನೆ, ಬೀಟೆ, ಅವುಗಳ ಅಡಿಯಲ್ಲಿ ರೋಬಸ್ಟಾ:
ಮೇಲಿನಿಂದ ತೋಟವೂ ಕಾಡೇ.
ಸಿಲ್ವರ್ ಓಕ್ ಮಾತ್ರ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ
ಸಾಲಾಗಿ ನಿಂತು ಸಿಕ್ಕಿಬೀಳುತ್ತದೆ.
ದೂರದ ಬೆಟ್ಟ ನುಣ್ಣಗೆ ಅಂದವರು ಯಾರೋ,
ಇಷ್ಟು ದೂರವನ್ನು ಎಣಿಸಿರಲಿಕ್ಕಿಲ್ಲ.

ಆ ದೇವರಕಾಡು ನನ್ನ ಪಟ್ಟಿಯಲ್ಲಿ ನಲವತ್ತೊಂದನೆಯದು.
ಆರು ಎಕರೆ. ಆರು ವರ್ಷದ ಗೆರೆ
ಎಲ್ಲೂ ಬಾಗಿಲ್ಲ: ಸೊನ್ನೆ ದಶಾಂಶ ಎಂಟು.
'ಬದಲಾವಣೆ ಇಲ್ಲ' ಎಂದು ಬರೆದು ಮುಂದಕ್ಕೆ ಹೋಗಿದ್ದೆ.

ಕಾವಲಿನ ಬೊಳ್ಳ ಬಾಗಿಲಲ್ಲಿ ಕೆಮ್ಮಿದ.
ತಿತಿಮತಿ ಕಡೆಯ ಹಾಡಿಯವ, ಜೇನು ಕುರುಬ,
ನೆಲ ಒದ್ದೆಯಾಗುತ್ತದೆಂದು ಒಳಗೆ ಬರುವುದಿಲ್ಲ.
"ಮೇಡಂ, ಆ ಕಾಡು ಮಾರ್ಚಿನಲ್ಲಿ ಹೂ ಬಿಟ್ಟಿತ್ತು."
ಕಾಡು ಅಂದಮೇಲೆ ಹೂ ಬಿಡುತ್ತದೆ, ಬೊಳ್ಳ.
"ಹಾಗಲ್ಲ. ಹೂಮಳೆ ಬಿದ್ದು ಒಂಬತ್ತನೇ ದಿನಕ್ಕೆ.
ಒಳಗಿಂದ ವಾಸನೆ."

ಹೋದೆವು. ಮಳೆ ಬಿಟ್ಟಿತ್ತು, ಜಿಗಣೆ ಬಿಟ್ಟಿರಲಿಲ್ಲ.
ಅಂಚಿನಲ್ಲಿ ಐವತ್ತು ಹೆಜ್ಜೆ ಮುಳ್ಳು, ಬೆತ್ತ, ಬಳ್ಳಿ,
ಯಾರೋ ಜಾಣತನದಿಂದ ಉಳಿಸಿದ ಪರದೆ.
ಆಮೇಲೆ ಕಾಲಿಗೆ ಏನೂ ತೊಡರಲಿಲ್ಲ.
ಬೊಳ್ಳ ನಿಂತ. "ಕೇಳಿ."
ಏನೂ ಕೇಳಿಸಲಿಲ್ಲ.
"ಅದೇ," ಅಂದ.

ಹಳೆಯ ಮರಗಳು ಒಂದೂ ಕದಲದೆ ಕೊಡೆ ಹಿಡಿದಿದ್ದವು.
ಕೆಳಗೆ ಸೊಂಟದೆತ್ತರದ ಕಾಫಿ, ಹಗ್ಗ ಹಿಡಿದು ನೆಟ್ಟ ಸಾಲು,
ಬುಡಕ್ಕೆ ಮೊನ್ನೆಯ ಗೊಬ್ಬರ.
ಅಯ್ಯಪ್ಪನ ಕಟ್ಟೆಯ ಸುತ್ತ ಹರಕೆಯ ಮಣ್ಣಿನ ನಾಯಿಗಳು.
ಕೆಲವಕ್ಕೆ ಕಿವಿಯಿಲ್ಲ, ಒಂದರ ಮೂತಿಗೆ ಪಾಚಿ,
ಎಲ್ಲವೂ ಗಿಡಗಳತ್ತಲೇ ನೋಡುತ್ತ.
ಐದು ದಿನಕ್ಕೊಮ್ಮೆ ಉಪಗ್ರಹ ಅವುಗಳ ನೆತ್ತಿ ದಾಟಿದೆ.
ಬೊಗಳಿದ್ದರೂ ಬೊಗಳಿರಬಹುದು.
ಹತ್ತು ಮೀಟರಿನ ಚೌಕದಲ್ಲಿ ಗೇಣುದ್ದದ ನಾಯಿಗೆ ಜಾಗವಿಲ್ಲ.

ಬೊಳ್ಳ ಬಿದ್ದ ನಾಯಿಯೊಂದನ್ನು ಎತ್ತಿ ನಿಲ್ಲಿಸಿದ.
ನಾನು ಗಿಡ ಎಣಿಸಿದೆ, ನೂರ ಹನ್ನೆರಡಕ್ಕೆ ತಪ್ಪಿತು.
ಸಾಲು ಮುಗಿದಲ್ಲಿ ಬೇಲಿಗೊಂದು ಗೇಟು, ಹೊಸ ಬಣ್ಣ.
ಯಾರದೆಂದು ಇಬ್ಬರೂ ಕೇಳಲಿಲ್ಲ.

ಸಂಜೆ ಮತ್ತೆ ನಕ್ಷೆ.
ಕಾಡು ಇದೆ, ತೋಟ ಇದೆ, ನೀರು, ಬಯಲು, ಕಟ್ಟಡ;
ಕಾಡನ್ನು ಕೊಡೆಯಾಗಿ ಹಿಡಿದ ತೋಟಕ್ಕೆ ಬಣ್ಣವಿಲ್ಲ.
ನಡೆದ ದಾರಿಯನ್ನೇ ಗೆರೆಯಾಗಿ ಎಳೆದೆ, ಸೊಟ್ಟಗೆ,
ಜಿಗಣೆ ಕಚ್ಚಿದ ಕಾಲನ್ನು ಇನ್ನೊಂದಕ್ಕೆ ಉಜ್ಜುತ್ತ.
ಆಧಾರವೇನು, ಕೇಳಿತು ಒಂದು ಖಾನೆ:
ಉಪಗ್ರಹ, ಡ್ರೋನ್, ಇತರೆ.
'ಇತರೆ' ಒತ್ತಿ ಬರೆದೆ: ವಾಸನೆ.
ಮುಂದೆ ಬೊಳ್ಳನ ಹೆಸರು.
ಆಮೇಲೆ ಅದನ್ನು ಅಳಿಸಿದೆ,
ಆ ಗೇಟಿನ ಒಳಗೇ ಅವನ ಮಗಳ ಕೂಲಿ.
ನನ್ನದು ಹಾಕಿದೆ. ದೇಚು ಅಲ್ಲ,
ದೇಚಕ್ಕ, ಮನೆತನದ ಹೆಸರಿನ ಸಮೇತ.

'ಉಳಿಸಿ' ಒತ್ತಿದೆ. ಸಣ್ಣ ಚಕ್ರ ಸುತ್ತುತ್ತಲೇ ಇತ್ತು.
ಹೊರಗೆ ಗೋಪುರಕ್ಕೆ ಮತ್ತೆ ಮೋಡ ಕವಿದು
ಆರು ಗಂಟೆ ಬರೀ ಸದ್ದಾಗಿ ಬಂತು.