ಹೆಸರು: ಖಾಲಿ

ಕ್ಲೈಪೆಡಾದ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ರಾತ್ರಿಪಾಳಿಯ ಫೋನುಗಳಿಗೆ ನಾನೇ ದಾರಿ.
ಬಂದರಿನಲ್ಲಿ ಹಡಗೊಂದು ಕೂಗಿದರೆ
ಮೇಜಿನ ಮೇಲಿನ ಚಹಾದ ಲೋಟ
ತಟ್ಟೆಗೆ ಏನೋ ಪಿಸುಗುಟ್ಟುತ್ತದೆ.

ಹಳೆಯ ಫಲಕದಲ್ಲಿ ತೂತುಗಳಿದ್ದವು, ತಂತಿಗಳಿದ್ದವು.
ಹೃದಯ ವಿಭಾಗದ ತಂತಿಗೆ ಯಾರೋ ಎಂದೋ
ಉಣ್ಣೆಯ ದಾರ ಸುತ್ತಿಟ್ಟಿದ್ದರು.
ಅದನ್ನೆಲ್ಲ ಕಿತ್ತು ಈಗ
ಒಂದು ಕಿಟಕಿ ಇಟ್ಟಿದ್ದಾರೆ.
ಚಂದದ ಕಿಟಕಿಯಂತೆ. ನೋಡಿದವರು ಹೇಳಿದರು.

ಕಂಪ್ಯೂಟರಿನಲ್ಲಿ ನನಗಾಗಿ ಓದುವ ದನಿ
ಅದರ ಮುಂದೆ ನಿಂತು ಓದಿತು:
ಗುಂಡಿ.
ಗುಂಡಿ.
ಗುಂಡಿ.
ಹನ್ನೊಂದು ಸಲ.
ಯಾವುದು ಒತ್ತುವುದು, ಯಾವುದು ಬೀಳುವುದು,
ಹೇಳಲಿಲ್ಲ.
ನನ್ನ ಕೋಟಿಗೂ ಗುಂಡಿಗಳಿವೆ, ಅವಕ್ಕೂ ಹೆಸರಿಲ್ಲ.
ಆದರೆ ಒಂದೊಂದಕ್ಕೂ ಎದುರಿಗೊಂದು ಕಾಜ ಇದೆ,
ಬೆರಳಿಗೆ ಮೋಸವಿಲ್ಲ.

ಕಂಪನಿಗೆ ಬರೆದೆ. ಬಲು ಮರ್ಯಾದೆಯ ಉತ್ತರ ಬಂತು:
ಇದುವರೆಗೆ ಬೇರಾರೂ ದೂರಿಲ್ಲ.

ಶೌಲ್ಯೈಯಿಂದ ರೈಲಿನಲ್ಲಿ ವೈದೋತಸ್ ಬಂದ.
ಅವನಿಗೂ ನನ್ನಂತೆಯೇ ಬೆಳಕಿನೊಡನೆ ಲೇವಾದೇವಿ ಇಲ್ಲ.
ಜೇಬಿನ ತುಂಬ ಸೂರ್ಯಕಾಂತಿ ಬೀಜ.
ಕೂತವನೇ ಕಿಟಕಿಯ ವಂಶಾವಳಿ ಕೇಳತೊಡಗಿದ.
ಪ್ರತಿ ಕಿಟಕಿಗೂ ಒಬ್ಬ ತಾಯಿ, ಅಂದ,
ತಾಯಿಗೆ ಮಕ್ಕಳು, ಮಕ್ಕಳಿಗೆ ಒಡಹುಟ್ಟಿದವರು.
ಪರರು ಕಟ್ಟಿದ ಮನೆಯ ಹೊಸ್ತಿಲಲ್ಲಿ ನಿಂತು
ಒಳಗೆ ಯಾರಿದ್ದೀರಿ ಎಂದು ಕೂಗುವುದು ನನ್ನ ಕಸುಬು.

ಕೂಗಿದ.
ಮಕ್ಕಳು: ಹನ್ನೊಂದು.
ಹೆಸರು: ಖಾಲಿ. ಹೆಸರು: ಖಾಲಿ. ಹೆಸರು: ಖಾಲಿ.
ಬೀಜ ಅಗಿಯುವುದನ್ನು ನಿಲ್ಲಿಸಿದ.
ಹೆತ್ತರು, ಯೊಲಿತಾ, ತೊಟ್ಟಿಲಿಗೂ ಹಾಕಿದರು,
ಹೆಸರಿಡಲು ಮಾತ್ರ ಮರೆತರು.

ಹಾಗಾಗಿ ನಾಮಕರಣ ನಮ್ಮ ಪಾಲಿಗೆ ಬಂತು.
ಒಂದೊಂದನ್ನೇ ಒತ್ತುವುದು, ಎತ್ತಿದವರನ್ನು ಕೇಳುವುದು.
ನೀವು ಯಾರು? ಹೆರಿಗೆ ವಾರ್ಡು.
ನೀವು? ಅಡುಗೆಮನೆ, ಬೀಟ್‌ರೂಟ್ ಮುಗಿದಿದೆ.
ನೀವು? ಶವಾಗಾರ. ಏನಾಗಬೇಕಿತ್ತು?
ಏನಿಲ್ಲ. ಹೆಸರು ಬೇಕಿತ್ತು.

ಎಡದಿಂದ ಎಣಿಸಿ ವೈದೋತಸ್ ಬರೆದುಕೊಂಡ,
ಅವನು ಬರೆದದ್ದನ್ನು ದನಿ ಕಲಿತುಕೊಂಡಿತು.
ಮೂರು ತಿಂಗಳು ನಾನು
ದಾರ ಸುತ್ತಿದ ತಂತಿ ಮುಟ್ಟಿದಷ್ಟೇ ನೆಮ್ಮದಿಯಾಗಿದ್ದೆ.

ಫೆಬ್ರವರಿಯ ಒಂದು ರಾತ್ರಿ, ಯಾರಿಗೂ ಹೇಳದೆ,
ಕಿಟಕಿ ತನ್ನನ್ನು ತಾನೇ ಹೊಸದು ಮಾಡಿಕೊಂಡಿತು.
ಎಡತುದಿಯಲ್ಲಿ ಒಂದು ಗುಂಡಿ ಹೆಚ್ಚಾಯಿತು,
ಮಿಕ್ಕವೆಲ್ಲ ಒಂದೊಂದು ಜಾಗ ಸರಿದು ಕೂತವು.
ಹೊರಗಿಂದ ಒಬ್ಬ: ಅಪ್ಪನ ಎದೆ, ಅಪ್ಪನ ಎದೆ, ಎನ್ನುತ್ತಿದ್ದ.
ದನಿ ಹೃದಯ ಎಂದಿತು. ಒತ್ತಿದೆ.
ಆ ಕಡೆ ನೀರು, ಗುಡುಗುಡು, ಅದರ ನಡುವೆ ಹೆಂಗಸಿನ ಸ್ವರ:
ಲಾಂಡ್ರಿ.

ಗೆನೊವೈತೆ ಅವಳ ಹೆಸರು. ಅದು ಆಮೇಲೆ ತಿಳಿದದ್ದು.
ತಪ್ಪು ಕರೆ ಎಂದು ಇಡಲಿಲ್ಲ.
ಲಿಫ್ಟು ಮೇಲೆಲ್ಲೋ ನಿಂತಿತ್ತು.
ಒದ್ದೆ ಏಪ್ರನ್ನಿನಲ್ಲಿ ನಾಲ್ಕು ಮಹಡಿ ಹತ್ತಿ
ಡಾಕ್ಟರನ್ನೇ ಎಳೆದು ತಂದಳು ಫೋನಿಗೆ,
ಸಾಬೂನಿನ ಹಬೆಯೊಳಗೆ.

ಆ ಅಪ್ಪ ಉಳಿದನೇ?
ದಾರಿಗೆ ಬಂದು ಸುದ್ದಿ ಹೇಳುವವರು ಯಾರು.

ಬೆಳಗಿನ ಜಾವ ವೈದೋತಸ್ ಫೋನಿನಲ್ಲಿ ಬಹಳ ಹೊತ್ತು ಮಾತಾಡಲಿಲ್ಲ.
ಕೂತ ಜಾಗ ನಂಬಿ ಕೆಟ್ಟೆ, ಅಂದ.
ಈಗ ಒತ್ತುವ ಮುಂಚೆ ದನಿ
ಒಂದೊಂದರ ಮುಖದ ಮೇಲಿನ ಚಿತ್ರವನ್ನೂ ಅಳೆದು ನೋಡುತ್ತದೆ,
ಅನುಮಾನ ಬಂದರೆ ಅನುಮಾನ ಎನ್ನುತ್ತದೆ.

ಎಡತುದಿಯ ಹೊಸಬನನ್ನು ಒತ್ತಿ ನೋಡಿದೆವು.
ಎಲ್ಲೂ ಮೊಳಗಲಿಲ್ಲ. ಕಂಪನಿಯನ್ನು ಕೇಳಿದೆವು:
ಮುಂದಿನ ದಿನಗಳ ಉಪಯೋಗಕ್ಕೆ.
ಖಾಲಿ ಬಿಡಲು ಮನಸ್ಸು ಬರಲಿಲ್ಲ.

ದನಿ ಈಗ ಹಾಗೇ ಕರೆಯುತ್ತದೆ: ಗೆನೊವೈತೆ, ಗುಂಡಿ.

ಕೇಳಿ ಅವಳು ಬೈದಳು,
ಏನೂ ಮಾಡದ್ದಕ್ಕೆ ನನ್ನ ಹೆಸರೇ ಬೇಕಿತ್ತಾ?
ಹಿಂದೆ ಯಂತ್ರ ತಿರುಗುತ್ತಿತ್ತು,
ಯಾರದೋ ಕೋಟಿನ ಗುಂಡಿ ಉಕ್ಕಿಗೆ ತಾಕಿ
ಟಕ್, ಟಕ್, ಟಕ್.