ಮಾಂಸದ ಪದಾರ್ಥ

ಆಮ್‌ಸ್ಟರ್‌ಡ್ಯಾಮಿನ ವಿಮಾನ ನಿಲ್ದಾಣದಲ್ಲಿ
ನೀಲಿ ಕೈಗವಸಿನ ಹುಡುಗ ಡಬ್ಬಿ ತೆರೆದು ಕೇಳಿದ:
ಇದೇನು?
ಹಂದಿಯ ಕರುಳು, ಅಂದಳು ನಿಕೊಲಾಸಾ, ನನ್ನ ಅಕ್ಕ.
ತಿನ್ನಲಿಕ್ಕೋ?
ನುಡಿಸಲಿಕ್ಕೆ.

ಅವನು ಮೇಲಿನವನನ್ನು ಕರೆದ.
ಮೇಲಿನವನು ಪುಸ್ತಕ ತೆರೆದ.
ಹಾಲಿಗೊಂದು ಪುಟ, ಮೊಟ್ಟೆಗೊಂದು ಪುಟ,
ಜೇನಿಗೂ ಇತ್ತು.
ಕೊನೆಗೆ 'ಮಾಂಸದ ಪದಾರ್ಥ' ಎಂದು ಬರೆದು, ಸಹಿ ಹಾಕಿಸಿಕೊಂಡು,
ಅಮ್ಮ ಸುಣ್ಣದ ನೀರಲ್ಲಿ ಏಳು ಸಲ ತೊಳೆದು
ಬಾಗಿಲ ಚೌಕಟ್ಟಿಗೆ ಅಂಟಿಸಿ ಒಣಗಿಸಿದ ಮೂವತ್ತೆರಡು ಪೊರೆಗಳನ್ನು
ಹಳದಿ ತೊಟ್ಟಿಗೆ ಹಾಕಿದ.

ನೀವು ಮರಿಂಬಾ ನೋಡಿರಲಿಕ್ಕಿಲ್ಲ.
ಮೇಲೆ ಓರ್ಮಿಗೋ ಮರದ ಪಟ್ಟಿಗಳು,
ಒಂದೊಂದರ ಕೆಳಗೆ ಮರದ ಒಂದೊಂದು ಕೊಳವೆ,
ಕೊಳವೆಯ ಬುಡದಲ್ಲಿ ತೂತು,
ತೂತಿನ ಸುತ್ತ ಕಾಡುಜೇನಿನ ಕರಿಮೇಣ,
ಅದರ ಮೇಲೆ ಈ ಪೊರೆ, ಉಗುರಿನಷ್ಟಗಲ.
ಪಟ್ಟಿಗೆ ಕೋಲು ಬಿದ್ದರೆ
ಪೊರೆ ಗುಂಯ್‌ ಅನ್ನುತ್ತದೆ,
ಕಿವಿಯ ಹತ್ತಿರ ಸುಳಿದ ದುಂಬಿ
ಹೋಗಲೋ ಬೇಡವೋ ಅಂದ ಹಾಗೆ.

ಅಕ್ಕ ಈ ಗುಂಯ್‌ಗಾಗಿ ಲೋಕವೆಲ್ಲ ಜಗಳವಾಡಿದವಳು.
ಸೋಮವಾರ ಶೇಲಾ ಊರಿನ ಶಾಲೆಯಲ್ಲಿ ಪಾಠ,
ಮಳೆಗಾಲದಲ್ಲಿ ಒಸಾಕಾ, ಚಳಿಯಲ್ಲಿ ಲ್ಯುಬ್ಲಿಯಾನಾ.
ಹೊಸ ರಚನೆಗಳನ್ನು ಬಸ್ ಚೀಟಿಯ ಬೆನ್ನಿಗೆ ಬರೆಯುತ್ತಾಳೆ,
ಚೀಟಿ ಕಳೆದರೆ ಚಾಲಕನನ್ನು ಬೈಯುತ್ತಾಳೆ.
ಎರಡು ಕೈಗೆ ನಾಲ್ಕು ಕೋಲು ಹಿಡಿದು ಬರುವ ಶಿಷ್ಯರಿಗೆ
ಮೊದಲ ವಾರ ಕೋಲು ಕೊಡುವುದಿಲ್ಲ,
ಕರುಳು ತೊಳೆಸುತ್ತಾಳೆ.
ಅರ್ಧಕ್ಕರ್ಧ ಓಡಿಹೋಗುತ್ತಾರೆ.
ಒಸಾಕಾದ ಪ್ರೊಫೆಸರರೊಬ್ಬರು ಬಹಳ ಮರ್ಯಾದೆಯಿಂದ ಕೇಳಿದ್ದರು:
ಈ ಗಲೀಜು ಸದ್ದನ್ನು ತೆಗೆಯಲಾಗದೇ?
ಆಗುತ್ತದೆ, ಅಂದಳು, ಮೀನಿನ ಮುಳ್ಳು ತೆಗೆದ ಹಾಗೆ.
ಆಮೇಲೆ ಅದನ್ನು ನೀರಿಗೆ ಬಿಡಬೇಡಿ.

ಆ ರಾತ್ರಿ ರಾಟರ್‌ಡ್ಯಾಮಿನಲ್ಲಿ
ತೂತುಗಳಿಗೆ ಕಾಗದ ಅಂಟಿಸಿ ನುಡಿಸಿದೆವು.
ಎತ್ತರದ ಸ್ವರಗಳಿಗೆ ಸೋದರಮಾವನ ಮಗ ವೆನ್ಸೆಸ್ಲಾವೊ,
ನಡುವೆ ಅಕ್ಕ, ಮಂದ್ರದಲ್ಲಿ ನಾನು.
ತಪ್ಪಿಲ್ಲ, ತಡವರಿಕೆ ಇಲ್ಲ.
ಕರುಳು ಕಳೆದ ಮರ
ಮರದ ಹಾಗೇ ಕೇಳಿಸಿತು.
ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.
ಅಕ್ಕ ಬಗ್ಗಿ ವಂದಿಸುತ್ತ ಹಲ್ಲು ಕಚ್ಚಿಕೊಂಡೇ ನನಗೆ ಹೇಳಿದಳು:
ಇವರಿಗೆ ಗೊತ್ತೇ ಆಗಲಿಲ್ಲವಲ್ಲೋ.

ಬೆಳಿಗ್ಗೆ ಶಿಷ್ಯೆ ಯಾಕೋಮೈನ್
ತನ್ನ ಬೀದಿಯ ಕಸಾಯಿಯ ಅಂಗಡಿಗೆ ಕರೆದೊಯ್ದಳು.
ಮಿಮೂನ್, ರಿಫ್ ಬೆಟ್ಟದವನು.
ಹಂದಿ ಇಲ್ಲ, ಅಂದ. ಕುರಿಯದಿದೆ. ಎಷ್ಟು ಕಿಲೋ?
ಅಕ್ಕ ಕಿರುಬೆರಳಿನ ಉಗುರು ತೋರಿಸಿದಳು: ಇಂಥವು ಮೂವತ್ತೆರಡು.
ಅವನು ನಗಲಿಲ್ಲ.
ಕರುಳನ್ನು ದೀಪಕ್ಕೆ ಹಿಡಿದು, ಉಸಿರೂದಿ, ಉಬ್ಬಿಸಿ,
ತೆಳ್ಳನೆಯ ಕಡೆ ಹುಡುಕಿ ಕತ್ತರಿಸುತ್ತ ಹೇಳಿದ:
ನಮ್ಮಜ್ಜನ ಬೆಂದೀರಿನ ಚರ್ಮದಡಿ
ಎರಡು ಎಳೆ ಕರುಳಿನ ದಾರವಿತ್ತು.
ಬಡಿದರೆ ಗೊರಗುಟ್ಟುತ್ತಿತ್ತು.
ಅಜ್ಜ ಹೋದ ಮೇಲೆ ಅಪ್ಪ ಅದನ್ನು ಕಿತ್ತ,
ಸದ್ದು ಚೊಕ್ಕಟವಾಗಲಿ ಎಂದು.
ಆಮೇಲೆ ಮನೆಯಲ್ಲಿ ಯಾರೂ ಅದನ್ನು ಬಡಿಯಲಿಲ್ಲ.

ಹಣ ಕೊಡಹೋದರೆ
ತಕ್ಕಡಿ ತೋರಿಸಿದ:
ಮುಳ್ಳು ಅಲ್ಲಾಡುವುದೇ ಇಲ್ಲ, ಏನೆಂದು ಬರೆಯಲಿ?

ಕುರಿಯದು ದಪ್ಪ. ಮಂದ್ರದ ಐದು ಪಟ್ಟಿಗಳು ಬಾಯಿಬಿಡಲೇ ಇಲ್ಲ.
ಉಳಿದವು ಶೀತವಾದ ಮುದುಕನಂತೆ ಕೆಮ್ಮಿ, ಹಾಡಿದವು.
ನನ್ನ ಭಾಗವನ್ನೆಲ್ಲ ಅಕ್ಕ ಹೋಟೆಲಿನಲ್ಲಿ ಕೂತು ಮೇಲಕ್ಕೆ ಸರಿಸಿದಳು,
ಕಸ್ಟಮ್ಸಿನವರು ಕೊಟ್ಟ ರಸೀದಿಯ ಬೆನ್ನಿಗೆ.
ಎರಡನೆಯ ರಾತ್ರಿ ಚಪ್ಪಾಳೆ ಕಡಿಮೆ.
ಹಿಂದಿನ ಸಾಲಿನಲ್ಲಿ ಒಬ್ಬ, ಏಪ್ರನ್ ಬಿಚ್ಚದೆಯೇ ಬಂದವನು,
ಎಲ್ಲರೂ ಹೋದ ಮೇಲೂ ಕೂತಿದ್ದ.

ಈಗ ಆ ರಚನೆಯನ್ನು ಬೇರೆ ದೇಶಗಳಲ್ಲೂ ನುಡಿಸುತ್ತಾರೆ.
ಪ್ರತಿಯ ಮೊದಲ ಪುಟದಲ್ಲಿ ಅಕ್ಕನ ಸೂಚನೆ:
ಕುರಿಯ ಕರುಳೇ ಆಗಬೇಕು.
ಊರಿಗೆ ಬಂದು ಅಮ್ಮನಿಗೆ ಹೇಳಿದರೆ
ಅವಳು ಸುಣ್ಣದ ಬಿಂದಿಗೆಯಿಂದ ಕೈ ತೆಗೆಯದೆ ಕೇಳಿದಳು:
ಯಾಕೆ,
ಹಂದಿ ಏನು ತಪ್ಪು ಮಾಡಿತು?