ಹನ್ನೊಂದು ಮೈಕ್ರಾನ್

ಬೆಳಗಾವಿ, ಉದ್ಯಮಬಾಗ, ರಾತ್ರಿಪಾಳಿ.
ಇಪ್ಪತ್ತು ಡಿಗ್ರಿಗೆ ನಿಂತ ತಣ್ಣನ ಕೋಣೆ,
ಕರೀ ಗ್ರಾನೈಟಿನ ಮೇಜಿನ ಮ್ಯಾಲ
ಅಂಗೈಯಷ್ಟು ಅಲ್ಯೂಮಿನಿಯಮ್ ತುಂಡು.
ಮಾಣಿಕದ ಹರಳಿನ ಕಡ್ಡಿ ಮೆಲ್ಲಕ ಇಳದು
ಅದರ ತೂತಿನ ಒಳಗೋಡಿ ಮುಟ್ಟತೈತಿ,
ಒಮ್ಮೆ, ಎರಡು ಸಲ, ಒಂಬತ್ತು ಸಲ,
ಕೂಸಿನ ಹೊಸಾ ಹಲ್ಲು ತಾಯಿ ಬೆರಳು ಹುಡುಕಿದಂಗ.

ಹನ್ನೊಂದು ಮೈಕ್ರಾನ್ ಆಚೆ.
ನನ್ನ ತಲಿಗೂದಲು ಒಂದು ಕಿತ್ತು
ಉದ್ದಕ್ಕ ಏಳು ಪಾಲು ಸೀಳಿದ್ರ, ಒಂದು ಪಾಲು.

ಈ ತುಂಡಿನ ಮ್ಯಾಲ ಒಂದು ನಳಿಗಿ ಕೂಡತೈತಿ.
ನಳಿಗಿ ಉಗುಳಿದ್ರ ನೌಕೆ ಹೊಳ್ಳತೈತಿ,
ಹೊಳ್ಳಿದ ನೌಕೆ ಹೋರಿಯಂಗ ಹೋಗಿ
ಕಲ್ಲಿಗೆ ಹಾಯಬೇಕು.

ಆ ಕಲ್ಲಿಗೆ ಅವರಿಟ್ಟದ್ದು ಬರೇ ಅಂಕಿ, ಅಕ್ಷರ.
ನಾವು ಇಟ್ಟ ಹೆಸರು ಸಂಗ್ರಾಣಿ.
ಗರಡಿಮನಿ ಮುಂದ ಬಿದ್ದಿರತೈತಲ್ಲ,
ಹರೇದ ಹುಡುಗರು ಎದಿಗೆ ಆನಿಸಿ ಎತ್ತತಾರಲ್ಲ, ಅದು.
ಇದನ್ನ ಎತ್ತಾವ್ರು ಯಾರಪ್ಪಾ ಅಂದೆ.
ಲೇಥಿನ ದಸ್ತಗೀರ ಸನದಿ ಕೈ ಒರಸಿಕೋತ ಅಂದ,
'ಎತ್ತೂದು ಬ್ಯಾಡ ಅಕ್ಕಾ, ಜರಾ ಸರಸೂದು.'

ಹೋದ ತಿಂಗಳ ಲೆಕ್ಕದಾಕಿ ಬಂದಿದ್ದಳು, ತ್ರಿವೇಣಿ ಹಣಬರ,
ಸಣ್ಣ ಹುಡುಗಿ, ದೊಡ್ಡ ಚೀಲ.
ಊಟದ ಹಾಲಿನ ಗೋಡಿಗೆ ನಕಾಶೆ ತೂಗುಹಾಕಿ ಹೇಳಿದಳು:
ಹದಿಮೂರು ವರ್ಷ ಐತಿ.
ಈಗ ದಬ್ಬಿದ್ರ ಇರಿವಿ ನಡದಷ್ಟು ವೇಗ ಸಾಕು.
ಕಡೀ ವರ್ಷ ದಬ್ಬತೇವಿ ಅಂದ್ರ
ಯಳ್ಳೂರ ಗುಡ್ಡಾ ಕಿತ್ತು ಒಗದ್ರೂ ಸಾಲಂಗಿಲ್ಲ.
ಆಮ್ಯಾಲ ಒಂದು ಕೆಂಪು ಗೆರಿ ಎಳದಳು,
ಸಮುದ್ರ ದಾಟಿ, ದೇಶ ದಾಟಿ, ನಮ್ಮನ್ನೂ ಮುಟ್ಟಿ, ಮತ್ತ ಆಚೆ.
'ಅರ್ಧಮರ್ಧ ದಬ್ಬಿದ್ರ ತಪ್ಪಂಗಿಲ್ಲರಿ,
ಈ ಗೆರಿ ಮ್ಯಾಲ ಸರೀತೈತಿ ಅಷ್ಟ.
ಇವರ ಮನಿ ಬಿಟ್ಟು ಅವರ ಮನಿ.'
ಯಾರೂ ಕೆಮ್ಮಲಿಲ್ಲ.

ಮೂರನೇ ಗೇಟಿನ ಚಾದ ಅಂಗಡ್ಯಾಗ
ವೈಜು ಕಾಕತಕರ ಬಶಿ ಊದಕೋತ ಕೇಳಿದ:
'ಇಲ್ಲೇ ಬಿತ್ತು ಅನಕೋರಿ, ಆ ಕಲ್ಲು ಯಾವ ರಾಜ್ಯದ್ದು?
ಕುಣಿಗೆ ಫಲಕ ಯಾವ ಭಾಷಾದಾಗ?'
ಬಸ್ಸಿನ ಗಾಜಿಗೆ ಕಲ್ಲು ಬಿದ್ದ ದಿನಾ ಕಂಡವರು ನಾವು,
ನಗಿ ಬರಾಕ ಸ್ವಲ್ಪ ತಡಾ ಆತು.
ಬಂದಮ್ಯಾಲ ನಿಲ್ಲಲಿಲ್ಲ.

ಈಗ ರಾತ್ರಿ ಎರಡೂವರಿ.
ಪಾರೀಸ ಉಪಾಧ್ಯೆ ಬಾಗಲದಾಗ ನಿಂತಾನ,
'ಪಾಸ್ ಮಾಡವಾ. ಮುಂಜಾನೆ ಲಾರಿ ಬರತೈತಿ.
ಹನ್ನೊಂದು ಅಂದ್ರ ಏನು, ಧೂಳೂ ಅಲ್ಲ.'
ಖರೇ. ಧೂಳೂ ಅಲ್ಲ.
ಇಲ್ಲಿ ಹನ್ನೊಂದಾದ್ರ ಅಲ್ಲಿ ಎಷ್ಟು ಊರು,
ಆ ಲೆಕ್ಕ ನನಗ ಬರಂಗಿಲ್ಲ.
ಆದ್ರ ಕೆಂಪು ಗೆರಿ ಮ್ಯಾಲ, ನಾ ಹೆಸರೂ ಕೇಳದ ಊರಾಗ
ಯಾವಾಕಿಯೋ ಪಾಳಿ ಮುಗಿಸಿ ಬಂದು
ಚಪ್ಪಲಿ ಕೈಯಾಗ ಹಿಡದು
ಮಲಗಿದ ಮಕ್ಕಳನ್ನ ದಾಟಾಕತ್ತಿರಬಹುದು.

ಕೆಂಪು ಚೀಟಿ ಕಟ್ಟಿದೆ.
ಉಪಾಧ್ಯೆ ಖುರ್ಚಿ ಎಳಕೊಂಡು ಕುಂತ,
ಚಷ್ಮಾ ತಗದು ಮೂಗು ತಿಕ್ಕಿಕೊಂಡ,
ಬೈಲಿಲ್ಲ. 'ದಸ್ತಗೀರಾ, ಹೊಸಾ ತುಂಡು ಹಚ್ಚು,' ಅಂದ.
ಗ್ವಾಡಿ ಆಚೆ ಮಷೀನು ಮತ್ತ ಗುಂಯ್ ಅಂತು.

ಹಳೀದು ಕರಗಾಕ ಹೋಗತೈತಿ.
ಬರೂ ವರ್ಷ ಯಾರದೋ ಒಲಿ ಮ್ಯಾಲ ಬೋಗೋಣಿ ಆಗಿ
ಹಾಲು ಉಕ್ಕಿಸತೈತಿ,
ಅಲ್ಲಿ ಹನ್ನೊಂದು ಮೈಕ್ರಾನ್ ಯಾರು ಕೇಳತಾರ.

ಬೆಳಕು ಹರೀಲಿಲ್ಲ ಇನ್ನೂ. ಪೀರನವಾಡಿ ಟೆಂಪೋ ಬಂತು.
ಡ್ರೈವರಗ ಎಲ್ಲಾ ಸುದ್ದಿ ಗೊತ್ತು,
'ಏನಕ್ಕಾ, ಉಳಿಸಿದ್ರೇನು ಜಗತ್ತು?'
'ಇವತ್ತಿಲ್ಲಪಾ,' ಅಂದೆ, 'ತುಂಡು ರಿಜೆಕ್ಟ್ ಆತು.'

ಒಳಗ ತುಂಬಿ ತುಳಕತಿತ್ತು.
ಕೊತಂಬರಿ ಗಂಟು ತೊಡಿ ಮ್ಯಾಲಿಟ್ಟುಕೊಂಡ ಮುದುಕಿ
ನನ್ನ ಮಾರಿ ನೋಡಿ
ನಾಲ್ಕು ಬೆರಳು ಸರದಳು.
ಕುಂತೆ.